ಕಿರಿಮಗನ ಕೇಸು: ದೇವರು ಕೊಡ್ತೀನಿ ಅಂದಿದ್ದನ್ನ ಕದ್ದುಕೊಂಡವನು

ಈ ಕೇಸಲ್ಲಿ ಆ ಮನೆಯವರ ಹೆಸರು ಒಂದೂ ಹಾಕಿಲ್ಲ. ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಓದಿದೋರಿಗೆ ಇನ್ನೆರಡು ಪ್ಯಾರಾ ಆಗೋ ಹೊತ್ತಿಗೆ ಯಾರ ಮನೆ ಕಥೆ ಅಂತ ಗೊತ್ತಾಗಿಬಿಡುತ್ತೆ, ಆದ್ರೂ ಬೇಡ ಅನ್ನಿಸ್ತು. ಯಾಕಂದ್ರೆ ಹೆಸರು ಕೇಳಿದ ತಕ್ಷಣ ಸಂಡೇ ಸ್ಕೂಲ್ ಗೋಡೆ ಮೇಲಿನ ಬಿಳಿ ಗಡ್ಡದ ಅಜ್ಜ ಕಣ್ಣಮುಂದೆ ಬರ್ತಾನೆ, ಮೂಲಪಿತೃ ಅನ್ನೋ ಗೌರವ ಬರುತ್ತೆ, ಆಮೇಲೆ ಅವನು ಮಾಡಿದ್ದೆಲ್ಲಾ ಸರೀನೇ ಇರಬೇಕು ಅಂತ ನಾವೇ ಅವನ ಪರ ವಕಾಲತ್ತು ಶುರು ಹಚ್ಕೋತೀವಿ. ಹೆಸರು ತೆಗೆದ್ರೆ ಉಳಿಯೋದು ಒಂದು ಮನೆ ಅಷ್ಟೇ. ಅಪ್ಪ, ಅಮ್ಮ, ಅವಳಿ ಗಂಡುಮಕ್ಕಳು, ಒಬ್ಬ ಸೋದರಮಾವ, ಆಸ್ತಿ. ಇಂಥ ಮನೆ ನಮಗೆ ಗೊತ್ತಿಲ್ದೇ ಇರೋದಾ?

ಬರೆಯೋಕೆ ಕಾರಣ ನಮ್ಮ ವಾರದ ಬೈಬಲ್ ಸ್ಟಡೀಲಿ ಮತ್ತೆ ಮತ್ತೆ ಬರೋ ಒಂದು ಪ್ರಶ್ನೆ. "ದೇವರ ಚಿತ್ತ ಇದ್ರೆ ಹೇಗಿದ್ರೂ ಆಗುತ್ತಲ್ಲ ಬ್ರದರ್, ಹಾಗಾದ್ರೆ ನಾವು ತಗೊಳ್ಳೋ ತೀರ್ಮಾನಕ್ಕೆ ಏನು ಬೆಲೆ?" ಈ ಪ್ರಶ್ನೆಗೆ ನಂಗೆ ಗೊತ್ತಿರೋ ಅತ್ಯಂತ ಉದ್ದದ ಉತ್ತರ ಈ ಕೇಸು, ಒಟ್ಟು 147 ವರ್ಷದ್ದು.

ಹಿನ್ನೆಲೆ

ಜಾಗ ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದ ಕಾನಾನ್ ದೇಶದ ದಕ್ಷಿಣ, ಬೇರ್ಷೆಬದ ಕಡೆ, ಮಳೆ ಕಮ್ಮಿ, ಬಾವಿಗೋಸ್ಕರ ಜಗಳ ಆಗೋ ಸೀಮೆ. ಅಪ್ಪ ಕುರಿ ದನ ಇರೋ ಶ್ರೀಮಂತ. 40ಕ್ಕೆ ಮದುವೆ, 20 ವರ್ಷ ಮಕ್ಕಳಿಲ್ಲ, ಪ್ರಾರ್ಥನೆ ಮಾಡಿ ಮಾಡಿ 60ಕ್ಕೆ ಅವಳಿ ಮಕ್ಕಳು. ಹೊಟ್ಟೇಲಿರುವಾಗ್ಲೇ ಎರಡೂ ಗುದ್ದಾಡ್ತಿದ್ವು ಅಂತ ಅಮ್ಮ ಕಂಗಾಲಾಗಿ ದೇವರ ಹತ್ರ ಕೇಳ್ತಾಳೆ. ಉತ್ತರ ಬರುತ್ತೆ: ನಿನ್ನ ಗರ್ಭದಲ್ಲಿ ಎರಡು ಜನಾಂಗ ಇದೆ, ದೊಡ್ಡವನು ಚಿಕ್ಕವನಿಗೆ ಸೇವೆ ಮಾಡ್ತಾನೆ. ಏನಾಗುತ್ತೆ ಅಂತ ಹೇಳಿದ್ದಾಯ್ತು, ಹೇಗಾಗುತ್ತೆ, ಯಾವಾಗ ಆಗುತ್ತೆ ಅಂತ ಹೇಳಿಲ್ಲ. ಮತ್ತೆ ಈ ಮಾತನ್ನ ಅವಳು ಗಂಡನ ಕಿವಿಗೆ ಹಾಕಿದ್ಲು ಅಂತಾನೂ ಎಲ್ಲೂ ಬರೆದಿಲ್ಲ. ನನ್ನ ಪ್ರಕಾರ ಈ ಮನೆಯ ಅರ್ಧ ತೊಂದರೆ ಅಲ್ಲೇ ಇದೆ, ಗಂಡ ಹೆಂಡತಿ ಕೂತು ಮಾತಾಡಬೇಕಾಗಿದ್ದ ವಿಷಯ ಮುಂದೆ ಡೇರೆಯ ಪರದೆ ಹಿಂದೆ ನಿಂತು ಕದ್ದು ಕೇಳೋ ವಿಷಯ ಆಯ್ತು.

ಹಿರಿಯವನು ಮೈತುಂಬ ಕೂದಲು, ಬೇಟೆಗಾರ. ಕಿರಿಯವನು ಅಣ್ಣನ ಹಿಮ್ಮಡಿ ಹಿಡ್ಕೊಂಡೇ ಹುಟ್ಟಿದವನು, ಹೆಸರೂ ಅದನ್ನೇ ಹೇಳುತ್ತೆ, ಮನೆ ಕಡೆ ಇರೋ ಸ್ವಭಾವ. ಅಪ್ಪನಿಗೆ ಹಿರಿಯವನ ಮೇಲೆ ಪ್ರೀತಿ, ಬೇಟೆ ಮಾಂಸ ರುಚಿಯಾಗಿರ್ತಿತ್ತು ಅಂತ ಕಾರಣಾನೂ ಕೊಟ್ಟಿದೆ. ಅಮ್ಮನಿಗೆ ಕಿರಿಯವನ ಮೇಲೆ ಪ್ರೀತಿ, ಕಾರಣ ಕೊಟ್ಟಿಲ್ಲ.

ಮೊದಲ ಎರಡು ತೀರ್ಮಾನ

ಒಂದಿನ ಅಣ್ಣ ಬೇಟೆಯಿಂದ ಸುಸ್ತಾಗಿ ಬರ್ತಾನೆ, ತಮ್ಮ ಒಲೆ ಮೇಲೆ ಕೆಂಪು ಬೇಳೆ ಬೇಯಿಸ್ತಿದ್ದಾನೆ, ನಾವು ಚನ್ನಂಗಿ ಬೇಳೆ ಅಂತೀವಲ್ಲ ಆ ತರದ್ದು. ಹಸಿವಲ್ಲಿ ಸಾಯ್ತಿದೀನಿ ಕೊಡೋ ಅಂದ್ರೆ, ಮೊದ್ಲು ಚೊಚ್ಚಲತನದ ಹಕ್ಕು ನಂಗೆ ಮಾರು ಅಂತಾನೆ, ಆಣೆ ಬೇರೆ ಹಾಕಿಸ್ಕೋತಾನೆ. ಹಿರಿಮಗನಿಗೆ ಎರಡು ಪಾಲು ಅಂತ ಮೋಶೆಯ ಧರ್ಮಶಾಸ್ತ್ರದಲ್ಲಿ ಆಮೇಲೆ ಬರುತ್ತೆ, ಆ ಕಾಲದ ಲೆಕ್ಕದಲ್ಲಿ ಇದು ಸಣ್ಣ ಹಕ್ಕಲ್ಲ. ಪಾಲು ಮಾರೋದು ಆ ಕಡೆಗೆ ಹೊಸದೂ ಅಲ್ಲ, ಇರಾಕಿನ ನುಜಿ ಅನ್ನೋ ಜಾಗದಲ್ಲಿ ಸಿಕ್ಕಿರೋ ಮಣ್ಣಿನ ಫಲಕಗಳಲ್ಲಿ ಒಬ್ಬ ತನ್ನ ಪಾಲಿನ ತೋಪನ್ನ ಮೂರು ಕುರಿಗೆ ಸಹೋದರನಿಗೆ ಕೊಟ್ಟ ದಾಖಲೆ ಇದೆ. ಅಲ್ಲಿ ಮೂರು ಕುರಿಯಾದ್ರೂ ಸಿಕ್ತು, ಇಲ್ಲಿ ಒಂದು ಬಟ್ಟಲು ಸಾರು. ಅಣ್ಣನೂ ತಪ್ಪಿತಸ್ಥನೇ, ಉಂಡ, ಕುಡಿದ, ಎದ್ದು ಹೋದ. ಆದ್ರೆ ಮನೆಗೆ ಹಸ್ಕೊಂಡು ಬಂದ ಅಣ್ಣನ ಮುಂದೆ ರೇಟು ಇಟ್ಟವನು ತಮ್ಮ.

ಎರಡನೇದು ಎಲ್ಲರಿಗೂ ಗೊತ್ತಿರೋದು. ಅಪ್ಪನಿಗೆ ಕಣ್ಣು ಮಂಜಾಗಿದೆ, ಸಾಯೋ ದಿನ ಗೊತ್ತಿಲ್ಲ, ಬೇಟೆ ಆಡ್ಕೊಂಡು ಬಂದು ಅಡಿಗೆ ಮಾಡಿ ಬಡಿಸು, ಉಂಡು ಆಶೀರ್ವಾದ ಮಾಡ್ತೀನಿ ಅಂತ ಹಿರಿಯವನಿಗೆ ಹೇಳೋದನ್ನ ಅಮ್ಮ ಕೇಳಿಸ್ಕೋತಾಳೆ. ಕಿರಿಯವನನ್ನ ಕರೆದು ಎರಡು ಆಡುಮರಿ ತರಿಸಿ ಅಡಿಗೆ ಮಾಡ್ತಾಳೆ, ಅಣ್ಣನ ಬಟ್ಟೆ ತೊಡಿಸಿ, ಕೈಗೂ ಕುತ್ತಿಗೆಗೂ ಮರಿಯ ಚರ್ಮ ಸುತ್ತಿ ಒಳಗೆ ಕಳಿಸ್ತಾಳೆ. ಇಲ್ಲಿ ಗಮನಿಸಿ, ಇವನು ಹೆದರಿದ್ದು ತಪ್ಪು ಮಾಡೋಕಲ್ಲ, ಸಿಕ್ಕಿಬೀಳೋಕೆ. ಅಪ್ಪ ಮುಟ್ಟಿ ನೋಡಿದ್ರೆ ಶಾಪ ಬರುತ್ತೆ ಅಂತಾನೆ. "ಆ ಶಾಪ ನಂಗೆ ಬರಲಿ ಕಂದಾ, ಹೇಳಿದಷ್ಟು ಮಾಡು" ಅಂತಾಳೆ ಅಮ್ಮ.

ಅಪ್ಪ ಯಾರು ನೀನು ಅಂತ ಕೇಳ್ತಾನೆ, ಇವನು ಅಣ್ಣನ ಹೆಸರು ಹೇಳ್ತಾನೆ. ಇಷ್ಟು ಬೇಗ ಬೇಟೆ ಹೇಗೆ ಸಿಕ್ತು ಮಗನೇ ಅಂದ್ರೆ, "ನಿನ್ನ ದೇವರೇ ನನ್ನೆದುರಿಗೆ ತಂದುಕೊಟ್ಟ" ಅಂತಾನೆ. ನಾನು ಈ ಕೇಸನ್ನ ಎಷ್ಟು ಸಲ ಓದಿದ್ರೂ ನಿಲ್ಲೋದು ಈ ವಾಕ್ಯದ ಹತ್ರ. ದೇವರ ಏರ್ಪಾಡು ಅನ್ನೋ ಮಾತು ಇವನ ಬಾಯಲ್ಲಿ ಮೊದಲ ಸಲ ಬರೋದೇ ಒಂದು ಸುಳ್ಳಿನ ಒಳಗೆ. ಅದೂ "ನನ್ನ ದೇವರು" ಅಲ್ಲ, "ನಿನ್ನ ದೇವರು". ಕದ್ದಿದ್ದಕ್ಕೆ ದೇವರ ಸೀಲು. ಮುಂದೆ ಇವನ ಬಾಯಲ್ಲಿ ಈ ಮಾತು ಹೇಗೆ ಹೇಗೆ ಬದಲಾಗುತ್ತೆ ಅನ್ನೋದನ್ನ ಹಿಡ್ಕೊಂಡು ಹೋದ್ರೆ ಕೇಸು ತಾನಾಗೇ ಬಿಚ್ಚಿಕೊಳ್ಳುತ್ತೆ.

ಕದ್ದಿದ್ದು ಯಾವ ಆಶೀರ್ವಾದ?

ಇದು ತುಂಬಾ ಜನ ದಾಟ್ಕೊಂಡು ಹೋಗೋ ವಿಷಯ. ಕದ್ದ ಆಶೀರ್ವಾದದಲ್ಲಿ ಇದ್ದಿದ್ದು ಆಕಾಶದ ಮಂಜು, ಭೂಮಿಯ ಸಾರ, ದವಸ, ದ್ರಾಕ್ಷಾರಸ, ನಿನ್ನ ತಾಯಿಯ ಮಕ್ಕಳು ನಿಂಗೆ ಅಡ್ಡಬೀಳಲಿ ಅನ್ನೋದು. ನಿನ್ನ ಸಂತಾನ ಹೆಚ್ಚಿಸ್ತೀನಿ, ಈ ದೇಶ ಅವರಿಗೆ ಕೊಡ್ತೀನಿ ಅಂತ ಇವನ ಅಜ್ಜನಿಗೆ ದೇವರು ಮಾಡಿದ್ದ ವಾಗ್ದಾನ ಅದರಲ್ಲಿ ಹೆಸರು ಹಿಡಿದು ಬಂದಿಲ್ಲ. ಅದನ್ನ ಅಪ್ಪ ಕೊಡೋದು ಆಮೇಲೆ, ಮೋಸ ಬಯಲಾಗಿ ಅಣ್ಣ ಕೊಲ್ತೀನಿ ಅಂತ ಕೂತಿರುವಾಗ, ಇವನನ್ನ ಕರೆದು, ಇವನೇ ಅಂತ ಗೊತ್ತಿದ್ದು, ಹಗಲು ಬೆಳಕಲ್ಲಿ. ಅಂದ್ರೆ ನಿಜವಾಗಿ ಬೇಕಾಗಿದ್ದು ಆಡಿನ ಚರ್ಮ ಇಲ್ದೇನೂ ಸಿಕ್ತು. ಕಳ್ಳತನದಿಂದ ಹೆಚ್ಚಿಗೆ ಬಂದಿದ್ದು ಅಣ್ಣನ ದ್ವೇಷ ಒಂದೇ.

ಇನ್ನೊಂದು ಲೆಕ್ಕ. ಇವನು ಕೊನೆಗಾಲದಲ್ಲಿ ಐಗುಪ್ತಕ್ಕೆ, ಅಂದ್ರೆ ಈಜಿಪ್ಟಿಗೆ, ಬಂದಾಗ 130 ವರ್ಷ, ಆಗ ಮುಂದೆ ಕಥೇಲಿ ಬರೋ ಇವನ ಪ್ರೀತಿಯ ಮಗನಿಗೆ 39ರ ಹತ್ರ, ಆ ಮಗ ಹುಟ್ಟಿದ್ದು ಮಾವನ ಮನೇಲಿ 14 ವರ್ಷ ದುಡಿದ ಮೇಲೆ. ಹಿಂದಕ್ಕೆ ಲೆಕ್ಕ ಹಾಕಿದ್ರೆ ಮನೆ ಬಿಟ್ಟಾಗ ಇವನಿಗೆ ಸುಮಾರು 77, ಅಪ್ಪನಿಗೆ 137. ಇನ್ನೇನು ಸಾಯ್ತೀನಿ ಅಂತ ಅವಸರ ಮಾಡಿದ ಅಪ್ಪ ಬದುಕಿದ್ದು 180ರ ತನಕ. 43 ವರ್ಷ ಟೈಮ್ ಇತ್ತು! ಇವತ್ತೇ ಆಗಬೇಕು ಇಲ್ಲಾಂದ್ರೆ ಕೈತಪ್ಪಿ ಹೋಗುತ್ತೆ ಅಂತ ಅಮ್ಮ ಮಗ ಓಡಾಡಿದ್ರಲ್ಲ, ಆ ಅವಸರದ ಬೆಲೆ ಇದು.

"ಸ್ವಲ್ಪ ದಿವಸ ಮಾವನ ಮನೇಲಿರು, ಅಣ್ಣನ ಕೋಪ ಇಳಿದ ಮೇಲೆ ಹೇಳಿ ಕಳಿಸ್ತೀನಿ" ಅಂತ ಅಮ್ಮ ಕಳಿಸ್ತಾಳೆ. ಆ ಸ್ವಲ್ಪ ದಿವಸ 20 ವರ್ಷ ಆಯ್ತು. ತಾಯಿ ಮಗ ಮತ್ತೆ ಮುಖ ನೋಡ್ಕೊಂಡ್ರು ಅಂತ ಎಲ್ಲೂ ಬರೆದಿಲ್ಲ.

ತಪ್ಪಿಸ್ಕೊಂಡಿದ್ದು, ಚೌಕಾಸಿ ಮಾಡಿದ್ದು, ಸಿಕ್ಕಿಬಿದ್ದಿದ್ದು

ಬೇರ್ಷೆಬದಿಂದ ಹಾರಾನಿಗೆ, ಈಗಿನ ಟರ್ಕಿಯ ಆಗ್ನೇಯ ಮೂಲೆ, 700 ಕಿಲೋಮೀಟರಿಗೂ ಮೀರಿದ ದಾರಿ, ಕೈಯಲ್ಲಿ ಒಂದು ಕೋಲು. ಮಧ್ಯದಲ್ಲಿ ಬೇತೇಲ್ ಅನ್ನೋ ಜಾಗದಲ್ಲಿ ಒಂದು ರಾತ್ರಿ ಕಲ್ಲು ಪಕ್ಕ ಇಟ್ಕೊಂಡು ಮಲಗಿದಾಗ, ಭೂಮಿಯಿಂದ ಆಕಾಶಕ್ಕೆ ನಿಂತ ಏಣಿಯ ಕನಸು. ದೇವರು ಬೈಯಲ್ಲ, ಷರತ್ತು ಹಾಕಲ್ಲ, ನಿನ್ನ ಜೊತೆ ಇರ್ತೀನಿ, ಈ ದೇಶಕ್ಕೆ ವಾಪಸ್ ಕರ್ಕೊಂಡು ಬರ್ತೀನಿ ಅಂತಾನೆ. ಬೆಳಿಗ್ಗೆ ಎದ್ದು ಇವನು ಷರತ್ತು ಹಾಕ್ತಾನೆ: ದೇವರು ನನ್ನ ಜೊತೆ ಇದ್ದು, ದಾರೀಲಿ ಕಾಪಾಡಿ, ಉಣ್ಣೋಕೆ ರೊಟ್ಟಿ, ಉಡೋಕೆ ಬಟ್ಟೆ ಕೊಟ್ಟು, ಸುಖವಾಗಿ ಅಪ್ಪನ ಮನೆಗೆ ತಲುಪಿಸಿದ್ರೆ ಆಗ ಅವನು ನನ್ನ ದೇವರು, ಹತ್ತರಲ್ಲಿ ಒಂದು ಪಾಲು ಕೊಡ್ತೀನಿ. ಸಾರು ಮಾರಿದವನ ಭಾಷೇನೇ ಇದು. ಆದ್ರೂ "ನಿನ್ನ ದೇವರು" ಇಂದ "ನನ್ನ ದೇವರು ಆಗಬಹುದು" ತನಕ ಬಂತು, ಅಷ್ಟು ಒಪ್ಕೋಬೇಕು.

ಹಾರಾನಲ್ಲಿ ಸೋದರಮಾವನ ಮನೆ. ಸೋದರಮಾವನ ಮಗಳನ್ನ ಮದುವೆ ಆಗೋದು ನಮ್ಮ ಕಡೆ ಏನೂ ಹೊಸದಲ್ಲ, ಹಾಗಾಗಿ ಕನ್ನಡದಲ್ಲಿ ಈ ಕಥೆ ಹೇಳುವಾಗ ಯಾರೂ ಮುಖ ಕಿವುಚಲ್ಲ. ಕಿರಿಯ ಮಗಳು ಇಷ್ಟ ಆದ್ಲು, 7 ವರ್ಷ ದುಡಿಯೋ ಮಾತಾಯ್ತು, ಆ 7 ವರ್ಷ ಅವನಿಗೆ ಸ್ವಲ್ಪ ದಿವಸದ ಹಾಗೆ ಕಾಣಿಸ್ತು ಅಂತ ಬರೆದಿದೆ. ಅಮ್ಮ ಹೇಳಿದ ಅದೇ "ಸ್ವಲ್ಪ ದಿವಸ", ಹೀಬ್ರೂ ಮೂಲದಲ್ಲೂ ಅದೇ ಪದ. ಮದುವೆ ರಾತ್ರಿ ಕತ್ತಲಲ್ಲಿ ಮಾವ ದೊಡ್ಡ ಮಗಳನ್ನ ಒಳಗೆ ಬಿಟ್ಟ. ಬೆಳಿಗ್ಗೆ ನೋಡಿದ್ರೆ ಇವಳು! ಯಾಕೆ ಮೋಸ ಮಾಡಿದೆ ಅಂತ ಜಗಳಕ್ಕೆ ಹೋದ್ರೆ ಮಾವ ತಣ್ಣಗೆ ಹೇಳ್ತಾನೆ, "ಹಿರಿಯಳು ಇರುವಾಗ ಕಿರಿಯಳನ್ನ ಕೊಡೋ ಪದ್ಧತಿ ನಮ್ಮ ಕಡೆ ಇಲ್ಲಪ್ಪ."

ಇದಕ್ಕೆ ಇವನು ಏನೂ ಉತ್ತರ ಕೊಟ್ಟಿಲ್ಲ. ಏನಂತ ಕೊಡ್ತಾನೆ? ಕಾಣದ ಅಪ್ಪನಿಗೆ ಹಿರಿಯವನ ಜಾಗದಲ್ಲಿ ಕಿರಿಯವನು ಹೋಗಿ ನಿಂತಿದ್ದ, ಈಗ ಕಾಣದ ಕತ್ತಲಲ್ಲಿ ಕಿರಿಯಳ ಜಾಗದಲ್ಲಿ ಹಿರಿಯಳು. ಇನ್ನೂ 7 ವರ್ಷ ದುಡಿದ. ಆಮೇಲೆ ಕುರಿಗೋಸ್ಕರ 6 ವರ್ಷ, ಸಂಬಳ ಹತ್ತು ಸಲ ಬದಲಾಯಿಸಿದ್ರು ಅಂತ ಇವನದೇ ಕಂಪ್ಲೇಂಟು. ಮಚ್ಚೆ ಮರಿಗಳೇ ಇವನ ಸಂಬಳ ಅಂತ ಮಾತಾಗಿತ್ತು, ಅಲ್ಲೂ ಸಿಪ್ಪೆ ಸುಲಿದ ಕೋಲುಗಳನ್ನ ನೀರಿನ ತೊಟ್ಟಿ ಮುಂದೆ ಇಟ್ಟು ಮಚ್ಚೆ ಮರಿ ಹುಟ್ಟಿಸೋ ಟ್ರಿಕ್ ಮಾಡ್ತಾನೆ. ಕೋಲು ನೋಡಿ ಮರಿ ಬಣ್ಣ ಬದಲಾಗಲ್ಲ ಅಂತ ಯಾವ ಕುರಿಗಾರನನ್ನ ಕೇಳಿದ್ರೂ ಹೇಳ್ತಾನೆ. ತಮಾಷೆ ಅಂದ್ರೆ ಕನಸಲ್ಲಿ ದೇವರೂ ಅದನ್ನೇ ತೋರಿಸ್ತಾನೆ, ನೋಡು, ಮೇಕೆಗಳ ಮೇಲೆ ಹಾರೋ ಹೋತಗಳೇ ಮಚ್ಚೆಯವು, ನಿನ್ನ ಮಾವ ಮಾಡಿದ್ದೆಲ್ಲಾ ನಾನು ನೋಡಿದೀನಿ ಅಂತ. ಕೋಲಿನ ಮಾತೇ ಇಲ್ಲ ಅಲ್ಲಿ.

ತಿರುವು

ದೇವರು ವಾಪಸ್ ಹೋಗು ಅಂದ. ಮಾವನಿಗೆ ಹೇಳದೆ ಹೊರಟ, ಅವನು ಅಟ್ಟಿಸ್ಕೊಂಡು ಬಂದು ರಾಜಿ ಆಯ್ತು. ಈಗ ಎದುರಿಗೆ ಅಣ್ಣ, 400 ಜನರ ಜೊತೆ ಬರ್ತಿದ್ದಾನೆ ಅಂತ ಸುದ್ದಿ.

ಇವನು ಮೊದಲು ಮಾಡೋದು ಮಾಮೂಲಿ ಕೆಲಸ, ಪ್ಲಾನು. ಜನಾನ ಎರಡು ಗುಂಪು ಮಾಡ್ತಾನೆ, ಒಂದು ಹೋದ್ರೂ ಇನ್ನೊಂದು ಉಳೀಲಿ ಅಂತ. ಆಮೇಲೆ ಪ್ರಾರ್ಥನೆ, ಅದರಲ್ಲಿ ಒಂದು ಹೊಸ ಮಾತಿದೆ: ನೀನು ತೋರಿಸಿದ ಕೃಪೆಗೆ ನಾನು ಯೋಗ್ಯನಲ್ಲ, ಬರೀ ಕೋಲು ಹಿಡ್ಕೊಂಡು ಈ ಯೊರ್ದನ್ ದಾಟಿದ್ದೆ. ಆಮೇಲೆ ಮತ್ತೆ ಪ್ಲಾನು, ಅಣ್ಣನಿಗೆ ಉಡುಗೊರೆ. 200 ಮೇಕೆ 20 ಹೋತ, 200 ಕುರಿ 20 ಟಗರು, ಮರಿ ಸಮೇತ 30 ಹಾಲು ಕೊಡೋ ಒಂಟೆ, 40 ಹಸು 10 ಹೋರಿ, 20 ಹೆಣ್ಣು ಕತ್ತೆ 10 ಗಂಡು ಕತ್ತೆ. ಒಂಟೆ ಮರಿ ಬಿಟ್ಟೇ 550 ತಲೆ, ಮಂದೆ ಮಂದೆಯಾಗಿ ಮುಂದೆ ಬಿಟ್ಟ, ಪ್ರಾರ್ಥನೆ ಮುಗಿಸಿದ ಮೇಲೂ ಲೆಕ್ಕಾಚಾರ ಬಿಡಲ್ಲ ನೋಡಿ, ಮತ್ತೆ ಅದು ತಪ್ಪು ಅಂತ ನಾನೇನೂ ಹೇಳಲ್ಲ, ಮನೆಮಂದಿ ಜೀವ ಇರುವಾಗ ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ.

ರಾತ್ರಿ ಯಬ್ಬೋಕ್ ಹೊಳೆ ಹತ್ರ ಎಲ್ಲರನ್ನೂ ದಾಟಿಸಿ ಒಬ್ಬನೇ ಉಳೀತಾನೆ. ಯಾರೋ ಒಬ್ಬ ಬೆಳಗಿನ ತನಕ ಕುಸ್ತಿ ಹಿಡೀತಾನೆ, ತೊಡೆಯ ಕೀಲು ತಪ್ಪುತ್ತೆ, ಇವನು ಬಿಡಲ್ಲ, ಆಶೀರ್ವಾದ ಮಾಡದ ಹೊರತು ಬಿಡಲ್ಲ ಅಂತಾನೆ. ಆಗ ಆ ವ್ಯಕ್ತಿ ಕೇಳೋದು, ನಿನ್ನ ಹೆಸರೇನು?

ಹಿಂದಿನ ಸಲ ಆಶೀರ್ವಾದ ಬೇಕಾದಾಗ ಇದೇ ಪ್ರಶ್ನೆ ಬಂದಿತ್ತು, ಆಗ ಅಣ್ಣನ ಹೆಸರು ಹೇಳಿದ್ದ. ಈ ಸಲ ತನ್ನದೇ ಹೆಸರು ಹೇಳ್ತಾನೆ, ಹಿಮ್ಮಡಿ ಹಿಡಿಯೋನು ಅನ್ನೋ ಹೆಸರು. ಹೇಳಿದ ಕೂಡಲೇ ಹೊಸ ಹೆಸರು ಸಿಗುತ್ತೆ, ಮುಂದೆ ಒಂದು ಜನಾಂಗಕ್ಕೇ ಆ ಹೆಸರು ಬಂತು ಆದ್ರಿಂದ ಇಲ್ಲಿ ಬರೆದ್ರೆ ಗುಟ್ಟು ಪೂರ್ತಿ ರಟ್ಟು. ಬೆಳಿಗ್ಗೆ ಕುಂಟ್ಕೊಂಡು ಅಣ್ಣನ ಮುಂದೆ ಹೋಗಿ ಏಳು ಸಲ ನೆಲಕ್ಕೆ ಬಗ್ಗಿ ನಮಸ್ಕಾರ ಮಾಡ್ತಾನೆ, ಒಡೆಯಾ ಅಂತಾನೆ. ಕದ್ದ ಆಶೀರ್ವಾದದಲ್ಲಿ ಅಣ್ಣ ಇವನಿಗೆ ಅಡ್ಡಬೀಳಬೇಕಿತ್ತು, ನೆನಪಿದೆಯಲ್ಲ? ಅಣ್ಣ ಓಡಿಬಂದು ತಬ್ಬಿಕೊಂಡು ಅಳ್ತಾನೆ, ಉಡುಗೊರೆ ಬೇಡಪ್ಪ ತಮ್ಮಾ, ನಂಗೆ ಸಾಕಷ್ಟಿದೆ ಅಂತಾನೆ. ಇವನು ಬಲವಂತ ಮಾಡಿ ಕೊಡುವಾಗ ಬಳಸೋ ಹೀಬ್ರೂ ಪದ ಉಡುಗೊರೆ ಅಲ್ಲ, "ನನ್ನ ಆಶೀರ್ವಾದ ತಗೋ" ಅಂತ. ದೇವರು ನನಗೆ ಕೃಪೆ ಮಾಡಿದ್ದಾನೆ, ನನ್ನ ಹತ್ರ ಎಲ್ಲಾ ಇದೆ ಅಂತಾನೆ. ಅದೇ ದೇವರು ಕೊಟ್ಟ ಅನ್ನೋ ಮಾತು, ಆದ್ರೆ ಈ ಸಲ ಕೈ ಚಾಚಿರೋದು ಕೊಡೋಕೆ.

ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು

ಚರ್ಚಿನ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸ್ತಾರೆ. ಕೇಸು ನಿಲ್ಲಲ್ಲ. ಅಣ್ಣನಿಗೆ ನಿನ್ನ ಊರಿಗೆ ಹಿಂದೆ ಬರ್ತೀನಿ ಅಂದವನು ಬೇರೆ ಕಡೆ ತಿರುಗಿದ. ಬೇತೇಲಲ್ಲಿ ಹರಕೆ ಹೊತ್ತಿದ್ದವನು ಅಲ್ಲಿಗೆ ಹೋಗದೆ, ಒಂದೆರಡು ದಿನದ ನಡಿಗೆ ಈಚೆಗೇ ಶೆಕೆಮ್ ಊರ ಮುಂದೆ 100 ಬೆಳ್ಳಿ ಕೊಟ್ಟು ಜಮೀನು ತಗೊಂಡು ಕೂತ. ಅಲ್ಲೇ ಮಗಳ ಮೇಲೆ ಅತ್ಯಾಚಾರ ಆಯ್ತು, ಅಪ್ಪ ಸುಮ್ಮನಿದ್ದ, ಅಣ್ಣಂದಿರು ಮೋಸದಿಂದ ಇಡೀ ಊರಿನ ಗಂಡಸರನ್ನ ಕತ್ತಿಗೆ ಹಾಕಿದ್ರು. ಅಪ್ಪನಿಂದ ಕಲಿತ ಮೋಸ ಮಕ್ಕಳ ಕೈಯಲ್ಲಿ ರಕ್ತ ಆಯ್ತು. ಆಗ ದೇವರೇ ಹೇಳಬೇಕಾಯ್ತು, ಎದ್ದು ಬೇತೇಲಿಗೆ ಹೋಗು.

ಇನ್ನೊಂದು, ನಂಗೆ ಜೀರ್ಣ ಆಗದೇ ಇರೋದು. ಅಪ್ಪ ಅಮ್ಮ ಒಬ್ಬೊಬ್ಬ ಮಗನನ್ನ ಹಿಡ್ಕೊಂಡು ಮನೆ ಒಡೆದಿದ್ದನ್ನ ಮೈಮೇಲೆ ಅನುಭವಿಸಿದವನು, ತಾನೂ ಒಬ್ಬ ಮಗನಿಗೆ ಮಾತ್ರ ವಿಶೇಷ ಅಂಗಿ ಹೊಲಿಸ್ತಾನೆ. ಅಣ್ಣಂದಿರು ಅವನ ಜೊತೆ ನೆಟ್ಟಗೆ ಮಾತೂ ಆಡ್ತಿರಲಿಲ್ಲ, ಅಂಥದ್ರಲ್ಲಿ 17 ವರ್ಷದ ಹುಡುಗನನ್ನ ಒಬ್ಬನೇ ಅವರ ಹತ್ರ ಕಳಿಸ್ತಾನೆ. ಅವರು 20 ಬೆಳ್ಳಿಗೆ ಮಾರಿ, ಅಂಗಿಯನ್ನ ಹೋತದ ರಕ್ತದಲ್ಲಿ ಅದ್ದಿ ತಂದು, ಇದು ನಿನ್ನ ಮಗನದಾ ಗುರುತು ಹಿಡಿ ಅಂತಾರೆ. ಆಡುಮರಿಯ ಚರ್ಮ, ಅಣ್ಣನ ಬಟ್ಟೆ, ಗುರುತು ಹಿಡಿಯಲಾಗದ ಅಪ್ಪ, ಅವತ್ತು. ಆಡಿನ ರಕ್ತ, ಮಗನ ಬಟ್ಟೆ, ತಪ್ಪಾಗಿ ಗುರುತು ಹಿಡಿದ ಅಪ್ಪ, ಇವತ್ತು. ದೇವರು ಇವನನ್ನ ಬಿಟ್ಟಿರಲಿಲ್ಲ, ಆದ್ರೆ ಬಿಲ್ಲು ಒಂದನ್ನೂ ಮನ್ನಾ ಮಾಡಲಿಲ್ಲ, ಅದೇ ನಾಣ್ಯದಲ್ಲೇ ವಸೂಲಾಯ್ತು. ನಮ್ಮ ಗುಂಪಿನ ಆ ಪ್ರಶ್ನೆಗೆ ನಾನು ಇಲ್ಲೇ ಬೆರಳಿಟ್ಟು ತೋರಿಸೋದು.

ಆಮೇಲೆ 22 ವರ್ಷ. ಇಷ್ಟೂ ವರ್ಷ ದೇವರು ಇವನ ಜೊತೆ ಮಾತಾಡಿದ ದಾಖಲೆ ಇಲ್ಲ. ಬರ ಬರುತ್ತೆ, ಮಕ್ಕಳು ದವಸಕ್ಕೆ ಐಗುಪ್ತಕ್ಕೆ ಹೋಗಿ ಒಬ್ಬನನ್ನ ಅಲ್ಲಿ ಒತ್ತೆ ಬಿಟ್ಟು ಬರ್ತಾರೆ, ಕಡೇ ಮಗನನ್ನೂ ಕರ್ಕೊಂಡು ಬರಬೇಕು ಅಂತ ಅಲ್ಲಿಯ ಅಧಿಕಾರಿ ಹಠ. ಇವನು ಕೂಗ್ತಾನೆ, ಒಬ್ಬ ಇಲ್ಲ, ಇನ್ನೊಬ್ಬನೂ ಇಲ್ಲ, ಇವನನ್ನೂ ಒಯ್ತೀರಾ, ಎಲ್ಲಾ ನನ್ನ ಮೇಲೇ ಬಂತಲ್ಲ! ಇದನ್ನ ಹೇಳೋ ಹೊತ್ತಿಗೆ ಆ ಅಧಿಕಾರಿ ಯಾರು? ಸತ್ತ ಅಂತ ಅತ್ತಿದ್ದ ಅದೇ ಮಗ, 30ನೇ ವಯಸ್ಸಿಗೆ ಅಲ್ಲಿಯ ರಾಜ ಫರೋಹನ ಮುಂದೆ ನಿಂತು ಏಳು ವರ್ಷ ದವಸ ಕೂಡಿಹಾಕಿದವನು. ಎಲ್ಲಾ ನನಗೆ ವಿರುದ್ಧ ಅಂತ ಪಟ್ಟಿ ಮಾಡಿದ್ನಲ್ಲ, ಆ ಪಟ್ಟಿಯ ಒಂದೊಂದೂ ಇವನ ಮನೆ ಉಳಿಸೋ ಕೆಲಸದ ಒಳಗೇ ಇತ್ತು. ಇವನಿಗೆ ಕಾಣಿಸ್ತಿರಲಿಲ್ಲ ಅಷ್ಟೇ.

ದವಸ ಖಾಲಿ ಆದ ಮೇಲೆ ಕಡೇ ಮಗನನ್ನ ಬಿಟ್ಟುಕೊಡ್ತಾನೆ. ಸ್ವಲ್ಪ ಜೇನು, ಸುಗಂಧ, ಬಾದಾಮಿ, ಎರಡರಷ್ಟು ಹಣ ಕಟ್ಟಿ ಕಳಿಸ್ತಾನೆ, ಅಲ್ಲೂ ಉಡುಗೊರೆ ಬುದ್ಧಿ ಹೋಗಿಲ್ಲ, ಆದ್ರೆ ಕೊನೆಗೆ ಹೇಳೋದು, ಮಕ್ಕಳನ್ನ ಕಳ್ಕೋಬೇಕಾದ್ರೆ ಕಳ್ಕೋತೀನಿ. ಹಿಡ್ಕೊಂಡೇ ಹುಟ್ಟಿದವನು ಕೈ ಬಿಡಿಸಿದ ಜಾಗ ಇದು, 130ರ ಹೊಸ್ತಿಲಲ್ಲಿ.

ಆಮೇಲೇನಾಯ್ತು

ಮಗ ಬದುಕಿದ್ದಾನೆ ಅಂತ ಗೊತ್ತಾಗಿ ಎಲ್ಲರೂ ಐಗುಪ್ತಕ್ಕೆ ಹೊರಟ್ರು, ಮನೆಯವರು ಒಟ್ಟು 70 ಜನ. ದಾರೀಲಿ ಬೇರ್ಷೆಬದಲ್ಲಿ ನಿಂತ, ಅವತ್ತು ಓಡಿಹೋಗಿದ್ದ ಅದೇ ಊರು. ಐಗುಪ್ತಕ್ಕೆ ಹೋಗಬೇಡ ಅಂತ ಅವರಪ್ಪನಿಗೆ ದೇವರು ಒಂದು ಸಲ ತಡೆದಿದ್ದ, ಆ ನೆನಪು ಇರಬೇಕು, ಬಲಿ ಅರ್ಪಿಸಿ ಕಾದ. ಆಗ ಇಷ್ಟು ವರ್ಷದ ಮೇಲೆ ದನಿ ಬಂತು, ಹೆದರಬೇಡ, ನಾನೂ ನಿನ್ನ ಜೊತೆ ಬರ್ತೀನಿ.

ಫರೋಹ ವಯಸ್ಸು ಕೇಳಿದ್ರೆ, 130, ನನ್ನ ದಿನಗಳು ಕಮ್ಮಿ, ಅವೂ ಕಷ್ಟದವೇ ಅಂತಾನೆ. ಸುಳ್ಳಲ್ಲ ಅದು. ಆದ್ರೆ ಇನ್ನೂ 17 ವರ್ಷ ಐಗುಪ್ತದ ಗೋಷೆನ್ ಸೀಮೆಯಲ್ಲಿ ಬದುಕಿದ ಮೇಲೆ, ಹಾಸಿಗೆ ಹಿಡಿದು ಕಣ್ಣು ಮಂಜಾದ ಮೇಲೆ, ಆ ಅಧಿಕಾರಿ ಮಗನ ಇಬ್ಬರು ಮಕ್ಕಳನ್ನ ಆಶೀರ್ವಾದಕ್ಕೆ ಕರ್ಕೊಂಡು ಬರ್ತಾರೆ, ಹಿರಿಯವನನ್ನ ಇವನ ಬಲಗೈ ಕಡೆಗೇ ನಿಲ್ಲಿಸ್ತಾರೆ. ಇವನು ಕೈ ಅಡ್ಡ ಹಾಕಿ ಬಲಗೈಯನ್ನ ಕಿರಿಯವನ ತಲೆ ಮೇಲಿಟ್ಟು ಹೇಳ್ತಾನೆ, ನಾನು ಹುಟ್ಟಿದಾಗಿನಿಂದ ಇವತ್ತಿನ ತನಕ ನನ್ನನ್ನ ಮೇಯಿಸ್ಕೊಂಡು ಬಂದ ದೇವರು. ಕುರಿ ಕಾಯೋನ ಮಾತು. ಬಿಸಿಲಲ್ಲಿ ಬೆಂದು ಚಳೀಲಿ ನಿದ್ದೆಗೆಟ್ಟು 20 ವರ್ಷ ಕುರಿ ಕಾದವನಿಗೆ, ದಾರಿ ತಪ್ಪಿದ ಕುರಿ ಹಿಂದೆ ಕುರುಬ ಎಷ್ಟು ದೂರ ಹೋಗಬೇಕಾಗುತ್ತೆ ಅಂತ ಚೆನ್ನಾಗಿ ಗೊತ್ತಿತ್ತು. ಮಗ ಗಾಬರಿಯಾಗಿ, ಹಾಗಲ್ಲಪ್ಪಾ, ಇವನು ಹಿರಿಯವನು ಅಂತ ಕೈ ಸರಿಸೋಕೆ ಬರ್ತಾನೆ.

"ಗೊತ್ತು ಮಗನೇ, ನಂಗೆ ಗೊತ್ತು" ಅಂತಾನೆ. ಚರ್ಮ ಸುತ್ತೋರು ಯಾರೂ ಇರಲಿಲ್ಲ, ಆ ಹುಡುಗ ಏನೂ ಕೇಳಿರಲಿಲ್ಲ ಕೂಡ.

ಸಾಯೋ ಮುಂಚೆ ಒಂದೇ ಆಸೆ, ಕಾನಾನಿಗೆ ಒಯ್ದು ಮಕ್ಪೇಲದ ಗವಿಯಲ್ಲಿ ಹೂಣಿಡಿ ಅಂತ. ಅಜ್ಜ ಅಜ್ಜಿ ಅಲ್ಲಿದ್ದಾರೆ, ಅಪ್ಪ ಅಮ್ಮ ಅಲ್ಲಿದ್ದಾರೆ. ಜೀವ ಕೊಟ್ಟು ಪ್ರೀತಿಸಿದ ಕಿರಿಯಳ ಸಮಾಧಿ ಬೇತ್ಲೆಹೇಮಿನ ದಾರೀಲಿ, ಬೇರೆ ಕಡೆ. ಗವಿಯಲ್ಲಿ ಇವನ ಪಕ್ಕಕ್ಕೆ ಇರೋಳು ಹಿರಿಯಳು, ಇವನು ಕೇಳದೇ ಇದ್ದವಳು, ಕತ್ತಲಲ್ಲಿ ಮಾವ ಒಳಗೆ ಬಿಟ್ಟವಳು. ಆ ಜನಾಂಗದ ಯಾಜಕರ ಕುಲ, ರಾಜರ ಕುಲ ಎರಡೂ ಬಂದಿದ್ದು ಅವಳ ಹೊಟ್ಟೆಯಿಂದ. "ಅಲ್ಲೇ ನಾನು ಅವಳನ್ನ ಹೂಣಿಟ್ಟೆ" ಅಂತ ಹೆಸರು ಹಿಡಿದು ಹೇಳಿ, ಕಾಲು ಮಂಚದ ಮೇಲೆ ಮಡಚ್ಕೊಂಡು ಪ್ರಾಣ ಬಿಟ್ಟ.